ಮಜ್ಜೆಯ ಮೇಲೆ ತಿರುಗಿಬಿದ್ದ ಕಾವಲು: ಏಪ್ಲಾಸ್ಟಿಕ್ ಅನೀಮಿಯಾ ಮತ್ತು ಕೊರಿಯಾದ ಜೀನ್ ಶೋಧ

ಏಪ್ಲಾಸ್ಟಿಕ್ ಅನೀಮಿಯಾ ಎಂದರೆ ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ಬಿಟ್ಟುಬಿಡುವ ಕಾಯಿಲೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿದು, ಸುಸ್ತು, ಸೋಂಕು, ರಕ್ತಸ್ರಾವ ಬೆನ್ನುಬೆನ್ನಿಗೆ ಬರುತ್ತವೆ. 1888ರಲ್ಲಿ ಜರ್ಮನಿಯ ಪಾಲ್ ಏರ್ಲಿಕ್ ಇದನ್ನು ಮೊದಲು ವಿವರಿಸಿದರು. ತೀರಿಕೊಂಡ ಗರ್ಭಿಣಿಯೊಬ್ಬಳ ಮೂಳೆಗಳಲ್ಲಿ ಕೆಂಪು ಮಜ್ಜೆ ಇರಬೇಕಾದ ಕಡೆ ಹಳದಿ ಕೊಬ್ಬು ತುಂಬಿತ್ತು. ಕಾಯಿಲೆಗೆ ಈಗಿನ ಹೆಸರು ಬಂದದ್ದು 1904ರಲ್ಲಿ, ಫ್ರಾನ್ಸಿನಲ್ಲಿ.

ಮುಂದಿನ ಅರ್ಧ ಶತಮಾನ ವೈದ್ಯರು ಹೊರಗಿನ ವಿಷವನ್ನೇ ಹುಡುಕಿದರು. ಕಾರ್ಖಾನೆಗಳ ಬೆಂಜೀನ್, ವಿಕಿರಣ, 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಔಷಧ ಸಂಶಯಕ್ಕೆ ಗುರಿಯಾದವು. ವಿಕಿರಣದ ನಡುವೆ ದುಡಿದ ಮೇರಿ ಕ್ಯೂರಿ 1934ರಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡರು. ಆದರೆ ಕ್ಲೋರಾಂಫೆನಿಕಾಲ್ ನುಂಗಿದ ಸಾವಿರಾರು ಜನರಿಗೆ ಏನೂ ಆಗಲಿಲ್ಲ. ಯಾವ ವಿಷದ ಸಂಪರ್ಕವೂ ಇಲ್ಲದ ಅನೇಕರು ಹಾಸಿಗೆ ಹಿಡಿದರು.

ಸುಳಿವು ಸಿಕ್ಕಿದ್ದು ವಿಫಲವಾದ ಕಸಿಗಳಿಂದ. ಬೇರೆಯವರ ಮಜ್ಜೆ ಒಗ್ಗಲೆಂದು ಫ್ರಾನ್ಸಿನ ಜಾರ್ಜ್ ಮಾತೆ ರೋಗಿಗಳಿಗೆ ಮೊದಲು ಬಿಳಿ ಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳನ್ನು ನಾಶಮಾಡುವ ಸೀರಂ ಕೊಟ್ಟರು. ಕಸಿ ಕೈಕೊಟ್ಟರೂ ಕೆಲವರ ಸ್ವಂತ ಮಜ್ಜೆಯೇ ಚಿಗುರಿತು ಎಂದು ಅವರು 1970ರಲ್ಲಿ ವರದಿ ಮಾಡಿದರು. 1977ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬ್ರೂನೋ ಸ್ಪೆಕ್ ತಂಡವೂ ಅದನ್ನೇ ಕಂಡಿತು. ಮಜ್ಜೆಯನ್ನು ಹಾಳುಮಾಡುತ್ತಿದ್ದದ್ದು ದೇಹವನ್ನು ಕಾಯಬೇಕಾದ ಲಿಂಫೋಸೈಟ್‌ಗಳೇ, ಅದರಲ್ಲೂ ಟಿ ಕಣಗಳು. ಅವು ಸುರಿಸುವ ಇಂಟರ್‌ಫೆರಾನ್-ಗಾಮಾದಂಥ ಸೈಟೋಕೈನ್ ರಾಸಾಯನಿಕಗಳು ರಕ್ತದ ಮೂಲಕಣಗಳನ್ನು ಕೊಲ್ಲುತ್ತವೆ ಎಂಬುದು ಮುಂದೆ ಸ್ಪಷ್ಟವಾಯಿತು.

ಆಗ ಗಮನ ಎಚ್‌ಎಲ್‌ಎ ಜೀನ್‌ಗಳತ್ತ ಹೊರಳಿತು. ಇವುಗಳಿಂದಾಗುವ ಪ್ರೋಟೀನುಗಳು ಕಣದ ಮೇಲ್ಮೈಯಲ್ಲಿ ನಿಂತು, ಒಳಗಿನ ಪ್ರೋಟೀನ್ ತುಣುಕುಗಳನ್ನು ಟಿ ಕಣಗಳಿಗೆ ತೋರಿಸುತ್ತವೆ. ತನ್ನದು ಯಾವುದು, ಪರಕೀಯ ಯಾವುದು ಎಂಬ ತೀರ್ಮಾನ ನಡೆಯುವುದು ಇಲ್ಲೇ. 1950ರ ದಶಕದಲ್ಲಿ ಇವುಗಳ ಸುಳಿವು ಹಿಡಿದ ಜ್ಯಾನ್ ದೋಸೆಗೆ 1980ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ದಾನಿಯನ್ನು ಹೊಂದಿಸಲು ಬಳಸುತ್ತಿದ್ದ ಎಚ್‌ಎಲ್‌ಎ ಪರೀಕ್ಷೆ 1980ರ ದಶಕದಲ್ಲಿ ಇನ್ನೊಂದು ಸಂಗತಿ ತೋರಿಸಿತು: ಏಪ್ಲಾಸ್ಟಿಕ್ ಅನೀಮಿಯಾ ರೋಗಿಗಳಲ್ಲಿ ಡಿಆರ್2 ಎಂಬ ಮಾದರಿ ಹೆಚ್ಚಾಗಿತ್ತು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಅದರೊಳಗಿನ ಡಿಆರ್15 ಗುಂಪು ಬೇರೆಯಾಗಿ ಗುರುತಾಯಿತು.

ಈ ಕಾಯಿಲೆ ಯಾರಿಗೆ ಬರುತ್ತದೆ ಎಂಬ ಪ್ರಶ್ನೆ ಪೂರ್ವ ಏಷ್ಯಾಕ್ಕೆ ಹತ್ತಿರದ್ದು. ಯುರೋಪಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೆ ಸುಮಾರು 2 ಮಂದಿಗೆ ಈ ಕಾಯಿಲೆ ಬಂದರೆ, ಏಷ್ಯಾದಲ್ಲಿ ಅದರ ಎರಡು ಮೂರು ಪಟ್ಟು. ದಕ್ಷಿಣ ಕೊರಿಯಾದಲ್ಲಿ 1983ರಲ್ಲಿ ಇನ್ನೊಬ್ಬರ ಮಜ್ಜೆಯ ಕಸಿ ಆರಂಭವಾಯಿತು. ಕಸಿಗೆ ಎಚ್‌ಎಲ್‌ಎ ಪರೀಕ್ಷೆ ಬೇಕೇಬೇಕು. 2000ರ ದಶಕದಲ್ಲಿ ಅಲ್ಲಿನ ಸಂಶೋಧಕರು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದಾಗ ಡಿಆರ್15ರ ನಂಟು ಕೊರಿಯನ್ನರಲ್ಲೂ ಕಂಡಿತು. ಎಚ್‌ಎಲ್‌ಎ ಮಾದರಿಗಳ ಹಂಚಿಕೆ ಜನಾಂಗದಿಂದ ಜನಾಂಗಕ್ಕೆ ಬೇರೆ. ಆದ್ದರಿಂದ ಕೊರಿಯನ್ ರೋಗಿಯನ್ನು ಕೊರಿಯನ್ನರೊಂದಿಗೇ ತೂಗಬೇಕಿತ್ತು. ಯುರೋಪಿನ ಲೆಕ್ಕವನ್ನು ಎರವಲು ತರುವಂತಿರಲಿಲ್ಲ. ಆಮೇಲೆ ಇಂಟರ್‌ಫೆರಾನ್-ಗಾಮಾ, ಟಿಎನ್‌ಎಫ್, ಟಿಜಿಎಫ್-ಬೀಟಾದಂಥ ಸೈಟೋಕೈನ್ ಜೀನ್‌ಗಳ ಒಂದೊಂದಕ್ಷರದ ವ್ಯತ್ಯಾಸಗಳ ಪರಿಶೀಲನೆಯೂ ನಡೆಯಿತು.

2011ರಲ್ಲಿ ಎಚ್‌ಎಲ್‌ಎ ಪಾತ್ರಕ್ಕೆ ಜಪಾನಿನಿಂದ ಬಲವಾದ ಸಾಕ್ಷ್ಯ ಬಂತು. ಕೆಲವು ರೋಗಿಗಳಲ್ಲಿ, ಆರನೇ ಕ್ರೋಮೋಸೋಮಿನ ಒಂದು ಎಚ್‌ಎಲ್‌ಎ ಪ್ರತಿಯನ್ನು ಕಳೆದುಕೊಂಡ ರಕ್ತಕಣಗಳು ದಾಳಿಯಿಂದ ಪಾರಾಗಿ ಬೆಳೆದಿದ್ದವು. ಗುರುತು ಅಳಿದ ಕಣವನ್ನು ಟಿ ಕಣ ಪತ್ತೆಹಚ್ಚಲಾರದೆ ಹೋಗಿತ್ತು.

ಡಿಆರ್15 ಹೊತ್ತವರಲ್ಲಿ ಬಹುಪಾಲು ಜನ ಜೀವನಪೂರ್ತಿ ಆರೋಗ್ಯವಾಗಿಯೇ ಇರುತ್ತಾರೆ. ಜೀನ್ ಒಲವನ್ನಷ್ಟೇ ಕೊಡುತ್ತದೆ; ಕಾಯಿಲೆ ಶುರುವಾಗಲು ಬೇರೆ ಪ್ರಚೋದನೆ ಬೇಕು. ರೋಗ ಪತ್ತೆಯಾದೊಡನೆ ಎಚ್‌ಎಲ್‌ಎ ಪರೀಕ್ಷೆ ನಡೆಯುತ್ತದೆ. ಎಳೆಯ ರೋಗಿಗೆ ಹೊಂದುವ ಒಡಹುಟ್ಟಿದವರಿದ್ದರೆ ಕಸಿ, ಇಲ್ಲದಿದ್ದರೆ ಟಿ ಕಣಗಳನ್ನು ಅಡಗಿಸುವ ಸೀರಂ ಮತ್ತು ಸೈಕ್ಲೋಸ್ಪೋರಿನ್ ಕೊಡುವುದು ರೂಢಿ.