ಗೂಡಿನೊಳಗೊಂದು ಗೂಡು
1986ರಲ್ಲಿ ಬೆಂಗಳೂರಿನ ವೈಮಾನಿಕ ಸಂಶೋಧನಾಲಯ ಎನ್‌ಎಎಲ್ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದಾಗ, ಪ್ರೊಸೆಸರುಗಳಿಗೆ ಕೆಲಸ ಹಂಚುವುದು ಪ್ರೋಗ್ರಾಂ ಬರೆಯುವವರ ತಲೆನೋವು. 1997ರಲ್ಲಿ ಫೋರ್ಟ್ರಾನ್‌ಗೆ, ಮರುವರ್ಷ ಸಿ ಭಾಷೆಗೆ ಬಂದ ಓಪನ್‌ಎಂಪಿ ಎಂಬ ನಿರ್ದೇಶನಗಳ (ಸಿಯಲ್ಲಿ ಪ್ರಾಗ್ಮಾ) ಪದ್ಧತಿ ಆ ಹೊರೆಯನ್ನು ಬಹುಪಾಲು ಕಂಪೈಲರಿಗೆ ದಾಟಿಸಿತು.

ಈ ಓಪನ್‌ಎಂಪಿಯಲ್ಲಿ ನನಗೆ ಗಂಟುಬಿದ್ದದ್ದು ಪ್ಯಾರಲಲ್ ಭಾಗದೊಳಗಿನ ಪ್ಯಾರಲಲ್ ಭಾಗ. ಕಂಪೈಲರ್ ಒಂದೊಂದು ಭಾಗವನ್ನೂ ಬೇರೆ ಫಂಕ್ಷನ್ ಮಾಡಿ, ಹೊರಗಿನ ವೇರಿಯಬಲ್‌ಗಳನ್ನು ಬುತ್ತಿ ಕಟ್ಟಿ ಕಳಿಸುತ್ತದೆ. ಒಳಗಿನದಕ್ಕೆ ಬೇಕಾದ್ದನ್ನು ನಡುವಿನದೂ ಹೊರಬೇಕು. ಅದನ್ನೇ ಮರೆತು ಕಂಪೈಲರ್ ಕುಸಿದುಬಿದ್ದಿತ್ತು. ‘ಇಂಟರ್ನಲ್ ಕಂಪೈಲರ್ ಎರರ್’ ಬಂದರೆ, ರ‍್ಯಾಮ್ ಕೆಟ್ಟಿಲ್ಲದಿದ್ದರೆ, ದೋಷ ಕಂಪೈಲರಿನದೇ. ಹೊಸ ಹುಡುಗರು ಇದನ್ನು ನಂಬುವುದಿಲ್ಲ.

ದೋಷ ಎಲ್ಲಿದೆ ಎಂದು ಹುಡುಕಲು ಕೋಡನ್ನು ಅರ್ಧರ್ಧ ಕಿತ್ತು ನೋಡುವ ಹಳೆಯ ಕೈಕೆಲಸವನ್ನು 1999ರಲ್ಲಿ ಆಂಡ್ರಿಯಾಸ್ ಝೆಲ್ಲರ್ ಡೆಲ್ಟಾ ಡಿಬಗ್ಗಿಂಗ್ ಎಂದು ವಿಧಾನವಾಗಿಸಿದರು. 2012ರಲ್ಲಿ ಸಿ ಕೋಡನ್ನು ಹೀಗೆ ತಾನೇ ಕಿರಿದಾಗಿಸುವ ಸಿ-ರೆಡ್ಯೂಸ್ ಬಂತು. ನಾನು ಅದನ್ನು ರಾತ್ರಿ ಓಡಲು ಬಿಟ್ಟೆ. ಬೆಳಿಗ್ಗೆ ಉಳಿದದ್ದು ಎರಡು ಪ್ರಾಗ್ಮಾ, ಒಂದು ಅರೇ.