ಪಟ್ಟ ಕಟ್ಟುವ ಕೈ

‘ಡೋಂಗ್ ಯಿ’ ಎಂಬ ಕೊರಿಯನ್ ಧಾರಾವಾಹಿ 2010ರಲ್ಲಿ ಬಂತು. ಒಟ್ಟು 60 ಕಂತು. ಅದರ ಬುಡದಲ್ಲಿರುವುದು ನಿಜವಾಗಿ ನಡೆದ ಇತಿಹಾಸ. ಜೊಸೊನ್ ಮನೆತನದ ದೊರೆ ಸುಕ್‌ಜೋಂಗ್ 1689ರಲ್ಲಿ ತನ್ನ ರಾಣಿ ಇನ್‌ಹ್ಯೊನ್‌ಳನ್ನು ಅರಮನೆಯಿಂದ ಹೊರಗೆ ಹಾಕಿದ. ಆ ಜಾಗಕ್ಕೆ ಜಾಂಗ್ ಹೀಬಿನ್ ಬಂದಳು, ಅವಳ ಹಸುಗೂಸೇ ಮುಂದಿನ ದೊರೆ ಎಂದು ತೀರ್ಮಾನವಾಯಿತು. ಐದೇ ವರ್ಷದಲ್ಲಿ ಎಲ್ಲವೂ ತಿರುಗುಮುರುಗು. 1694ರಲ್ಲಿ ಇನ್‌ಹ್ಯೊನ್ ಮತ್ತೆ ರಾಣಿಯಾದಳು. 1701ರಲ್ಲಿ ಅವಳು ತೀರಿಕೊಂಡಾಗ, ಮಾಟ ಮಾಡಿಸಿದಳೆಂಬ ಆರೋಪ ಹೊರಿಸಿ ಜಾಂಗ್‌ಗೆ ವಿಷ ಕುಡಿಸಿದರು.

ಈ ಕತೆಯನ್ನು ಮೊಬೈಲಿನಲ್ಲಿ ನೋಡಿ ಮುಗಿಸಿದ ಕಾಲೇಜು ಹುಡುಗಿಯೊಬ್ಬಳು ತಿಪಟೂರಿನ ಹತ್ತಿರದ ತೋಟದ ಮನೆಯಲ್ಲಿ ತನ್ನಜ್ಜಿಗೆ ಹೇಳುತ್ತಿದ್ದಳು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಇಳಿಸಿ, ಸುಲಿದು, ಕರಟ ಒಡೆದು ಉಂಡೆಕೊಬ್ಬರಿ ಬಿಡಿಸುವ ಕೆಲಸ ನಡೆದಿತ್ತು. ಅಜ್ಜಿ ಕೈ ನಿಲ್ಲಿಸದೆ ಕೇಳಿಸಿಕೊಂಡು ಅಂದದ್ದು ಇಷ್ಟು: “ಅಂಗಾದ್ರೆ ಅವ್ಳಿಗೆ ಕೆಟ್ಟೋಳು ಅಂತ ಪಟ್ಟ ಕಟ್ಟಿ, ಇವ್ಳ ಮಗೀಗೆ ಪಟ್ಟ ಕಟ್ಟುದ್ರು ಅನ್ನು.”

ಅರವತ್ತು ಕಂತಿನ ಹೂರಣ ಆ ಒಂದು ಮಾತಿನಲ್ಲಿತ್ತು. ಒಬ್ಬರ ಹೆಸರು ಕೆಡಿಸುವುದಕ್ಕೂ ಇನ್ನೊಬ್ಬರನ್ನು ದೊರೆ ಮಾಡುವುದಕ್ಕೂ ನಮ್ಮ ಕಡೆ ಇರುವುದು ಒಂದೇ ಕ್ರಿಯೆ, ಪಟ್ಟ ಕಟ್ಟುವುದು. ಇದು ಹೇಗಾಯಿತೆಂದು ತಿಳಿಯಬೇಕಾದರೆ ಪಟ್ಟವನ್ನು ಮೊದಲು ಕಣ್ಣಿಗೆ ಕಾಣುವ ವಸ್ತುವಾಗಿ ನೋಡಬೇಕು.

ಪಟ್ಟವೆಂದರೆ ಅಗಲ ಕಿರಿದಾದ, ಉದ್ದನೆಯ ತುಂಡು. ಬಟ್ಟೆಯದಾಗಬಹುದು, ಹಲಗೆಯದಾಗಬಹುದು, ಲೋಹದ ತಗಡಾಗಬಹುದು. ಸಂಸ್ಕೃತ ಪ್ರಾಕೃತಗಳಿಂದ ಕನ್ನಡಕ್ಕೆ ಬಂದು ಇಲ್ಲಿ ಬೇರು ಬಿಟ್ಟ ಪದ. ಗಾಯಕ್ಕೆ ಸುತ್ತುವ ಪಟ್ಟಿ, ಸೀರೆಯ ಮೇಲಿನ ಪಟ್ಟೆ, ಶಾಸನ ಕೊರೆದ ತಾಮ್ರಪಟ್ಟ ಎಲ್ಲ ಒಂದೇ ಬಳಗ. ರಾಜ್ಯವಾಳುವವನ ಪಟ್ಟ ಮಾತ್ರ ಚಿನ್ನದ್ದು, ಹಣೆಗೆ ಕಟ್ಟುವಂಥದ್ದು. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಪಟ್ಟದ ಲಕ್ಷಣಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು ಅಳತೆ ಹೇಳಿದ್ದಾನೆ. ನಡುವಿನ ಅಗಲ ದೊರೆಗೆ 8 ಅಂಗುಲ, ರಾಣಿಗೆ 7, ಯುವರಾಜನಿಗೆ 6, ಸೇನಾಪತಿಗೆ 4; ಪ್ರಸಾದವಾಗಿ ಕೊಡುವ ಪಟ್ಟಕ್ಕೆ 2. ದೊರೆಯ ಪಟ್ಟಕ್ಕೆ ಐದು ಶಿಖೆ (ಮೇಲಕ್ಕೆದ್ದ ತುದಿ), ರಾಣಿಗೂ ಯುವರಾಜನಿಗೂ ಮೂರು, ಸೇನಾಪತಿಗೆ ಒಂದು, ಪ್ರಸಾದಪಟ್ಟಕ್ಕೆ ಶಿಖೆಯೇ ಇಲ್ಲ. ಆಸ್ಥಾನದೊಳಗೆ ಕಾಲಿಟ್ಟವನು ಯಾರ ಹಣೆಯಲ್ಲಿ ಎಷ್ಟಗಲದ ಚಿನ್ನವಿದೆ ಎಂದು ನೋಡಿಯೇ ಎಷ್ಟು ಬಗ್ಗಬೇಕೆಂದು ತಿಳಿದುಕೊಳ್ಳಬಹುದಿತ್ತು. ಒಂದಂಗುಲಕ್ಕಾಗಿ ಎಂಥೆಂಥ ಹಗೆ ಹುಟ್ಟಿರಬೇಕು!

ಇನ್ನು ‘ಕಟ್ಟು’ ಎಂಬ ಕ್ರಿಯಾಪದ. ನನಗೆ ಈ ಮಾತಿನ ಜೀವವೇ ಅಲ್ಲಿದೆ ಅನ್ನಿಸುತ್ತದೆ. ಹಣೆಗೆ ಕಟ್ಟುವ ವಸ್ತುವಿಗೆ ಹಿಂದೆ ನಿಂತು ಗಂಟು ಹಾಕುವವರು ಬೇಕು. ತುರುವೇಕೆರೆ ಕಡೆಯ ಮದುವೆಮನೆಯಲ್ಲಿ ಬಾಸಿಂಗ ಕಟ್ಟುವಾಗ ಇದನ್ನು ಈಗಲೂ ನೋಡಬಹುದು. ಗಂಡು ಹಣೆಯೊಡ್ಡಿ ಕೂತಿರುತ್ತಾನೆ, ಹಿರಿಯರೊಬ್ಬರು ಹಿಂದಿನಿಂದ ದಾರ ಬಿಗಿಯುತ್ತಾರೆ, ಜಾರದಂತೆ ಇನ್ನೊಬ್ಬರು ಮುಂದಿನಿಂದ ಹಿಡಿದಿರುತ್ತಾರೆ. ಪಟ್ಟವೂ ಹಾಗೆಯೇ. ಗದ್ದುಗೆಯ ರೀತಿ ಬೇರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕುಪ್ಪೂರು ಗದ್ದುಗೆಯಂಥ ಮಠಗಳಲ್ಲಿ ಆ ಪದ ಗುರುವಿನ ನೆಲೆಯನ್ನು ಹೇಳುತ್ತದೆ, ರಾಜಕೀಯದ ಮಾತಿನಲ್ಲಿ ಅಧಿಕಾರದ ಪೀಠವನ್ನು. ಗದ್ದುಗೆಯನ್ನು ಧೈರ್ಯವಿದ್ದವನು ತಾನೇ ಏರಿಬಿಡಬಹುದು. ಪಟ್ಟಕ್ಕೆ ಇನ್ನೊಬ್ಬರ ಕೈ ಬೇಕೇಬೇಕು, ಒಳಸಂಚಿಗೆ ಬಾಗಿಲು ತೆರೆಯುವುದೂ ಅಲ್ಲೇ.

ಈ ತೆಂಗಿನ ಸೀಮೆ ಗಂಗವಾಡಿಗೆ ಸೇರಿದ್ದ ಕಾಲದ ಒಂದು ಕತೆ ಯಾವ ಧಾರಾವಾಹಿಗೂ ಕಡಿಮೆಯಿಲ್ಲ. ರಾಷ್ಟ್ರಕೂಟ ಧ್ರುವ ಗಂಗರ ಶಿವಮಾರನನ್ನು ಸೆರೆಗೆ ಹಾಕಿ, ತನ್ನ ಮಗ ಸ್ತಂಭನನ್ನು ಗಂಗವಾಡಿ ಆಳಲು ಕಳಿಸಿದ. ರಾಜ್ಯವನ್ನು ಮಾತ್ರ ಕಿರಿಯವನಾದ ಗೋವಿಂದನಿಗೆ ಕೊಡಲು ಮನಸ್ಸು ಮಾಡಿದ. ತಂದೆ ರಾಜ್ಯವನ್ನೇ ಕೊಡಲು ಬಂದಾಗ ಗೋವಿಂದ ಯುವರಾಜನ ಕೊರಳ ಹಾರವಾದ ಕಂಠಿಕೆಯೇ ಸಾಕು ಎಂದನಂತೆ, ಅವನ ಶಾಸನಗಳು ಹಾಗೆ ಹೊಗಳುತ್ತವೆ. ಧ್ರುವ ಸತ್ತದ್ದೇ ಸ್ತಂಭ ಹನ್ನೆರಡು ಅರಸರನ್ನು ಕೂಡಿಕೊಂಡು ತಮ್ಮನ ಮೇಲೆ ಬಿದ್ದ. ಗೋವಿಂದ ಸೆರೆಯಲ್ಲಿದ್ದ ಶಿವಮಾರನನ್ನು ಬಿಡಿಸಿದರೆ, ಅವನು ಉಪಕಾರ ಮರೆತು ತಿರುಗಿಬಿದ್ದ. ಸೋತ ಅಣ್ಣನನ್ನು ಗೋವಿಂದ ಕ್ಷಮಿಸಿ ಮತ್ತೆ ಗಂಗವಾಡಿಗೇ ಕಳಿಸಿದ, ಶಿವಮಾರ ಮತ್ತೆ ಸೆರೆ ಸೇರಿದ. ಇಷ್ಟೆಲ್ಲ ಆದಮೇಲೆ ಅದೇ ಗೋವಿಂದ ಮತ್ತು ಪಲ್ಲವ ನಂದಿವರ್ಮ ಇಬ್ಬರೂ ತಮ್ಮ ಕೈಯಾರೆ ಶಿವಮಾರನ ಹಣೆಗೆ ಪಟ್ಟ ಕಟ್ಟಿದರೆಂದು ಗಂಗರ ತಾಮ್ರಶಾಸನ ಹೇಳುತ್ತದೆ. ಆ ‘ಕೈಯಾರೆ’ ಎಂಬುದು ಗೌರವದ ಮಾತು. ಬೇಡಿ ಹಾಕಿಸಿದ ಕೈಯೇ ಪಟ್ಟವನ್ನೂ ಕಟ್ಟಿತೆಂಬ ಸಂಗತಿಯೂ ಅದರೊಳಗೇ ಇದೆ.

ನೂರೆಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಕೈ ಅದಲುಬದಲಾಯಿತು. 972ರಲ್ಲಿ ಪರಮಾರರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆ ಮಾಡಿದರು, ಮರುವರ್ಷ ಚಾಲುಕ್ಯ ತೈಲಪ ಅವರ ರಾಜ್ಯವನ್ನೇ ಕಿತ್ತುಕೊಂಡ. ಆಗ ಗಂಗ ಮಾರಸಿಂಹ ತನ್ನ ಸೋದರಳಿಯ ನಾಲ್ಕನೆಯ ಇಂದ್ರನಿಗೆ ರಾಷ್ಟ್ರಕೂಟ ಪಟ್ಟ ಕಟ್ಟಿದ. ಕೈಕೆಳಗಿನ ಅರಸು ತನ್ನ ಒಡೆಯರ ಮನೆಗೇ ದೊರೆಯನ್ನು ಕೊಟ್ಟ ಹಾಗಾಯಿತು. ಆ ಪಟ್ಟಬಂಧದ ಉತ್ಸವವನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ನೆನೆಯುತ್ತದೆ. ತುರುವೇಕೆರೆಯಿಂದ ಅದೇನೂ ಬಹಳ ದೂರದ ಊರಲ್ಲ. ಪಟ್ಟ ಉಳಿಯಲಿಲ್ಲ. ಮಾರಸಿಂಹ ಬಂಕಾಪುರದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ, ಇಂದ್ರನೂ 982ರಲ್ಲಿ ಬೆಳಗೊಳದ ಅದೇ ಬೆಟ್ಟದ ಊರಿನಲ್ಲಿ ಉಪವಾಸವಿದ್ದು ತೀರಿಕೊಂಡ.

ಪಟ್ಟ ಅರಸುಮಕ್ಕಳ ಸೊತ್ತೆಂದು ತಿಳಿಯಬೇಕಿಲ್ಲ. ಬೆಂಗಳೂರಿನ ಬೇಗೂರಿನಲ್ಲಿ ಸಿಕ್ಕ ವೀರಗಲ್ಲಿನ ಪ್ರಕಾರ, ನಾಗತ್ತರನೆಂಬ ಯೋಧ ಯುದ್ಧದಲ್ಲಿ ಮಡಿದಾಗ ಗಂಗ ಎಱೆಯಪ್ಪ ಇರುಗನೆಂಬವನಿಗೆ ‘ನಾಗತ್ತರವಟ್ಟ’ ಕಟ್ಟಿ ಊರುಗಳನ್ನು ಬಿಟ್ಟುಕೊಟ್ಟ. ಸತ್ತವನ ಹೆಸರೇ ಬದುಕಿರುವವನ ಹಣೆಗೆ ಬಂತು. ಪಂಪನ ಭಾರತದಲ್ಲಿ ದುರ್ಯೋಧನ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ, ಮುದುಕನ ಹಣೆಯ ಮೇಲೆ ಅದು ಬರೀ ಹಗ್ಗವೆಂಬಂತೆ ಕರ್ಣ ಹಂಗಿಸುತ್ತಾನೆ. ಕೊಬ್ಬರಿ ಕೆಲಸ ಮುಗಿದ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವವರಿಗೆ, ಪಟ್ಟ ಕಟ್ಟಿಸಿಕೊಂಡವನಿಗಿಂತ ಕಟ್ಟಿಸಿಕೊಳ್ಳಲಾಗದವನ ಉರಿ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಂತಃಪುರದ ಮಾತಿಗೆ ಬಂದರೆ ಶಾಂತಲೆಯೊಬ್ಬಳೇ ಸಾಕು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿ ಅವಳು. ಅವಳ ಬಿರುದುಗಳಲ್ಲೊಂದು ‘ಉದ್ವೃತ್ತ ಸವತಿಗಂಧವಾರಣೆ’, ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ. 1123ರಲ್ಲಿ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಗೂ ಅದೇ ಹೆಸರಿಟ್ಟಳು. ನಾಟ್ಯಕ್ಕೂ ಧರ್ಮಕ್ಕೂ ಹೆಸರಾದ ಹೆಣ್ಣು ಜಿನಮಂದಿರದ ಹೆಸರಿನಲ್ಲೇ ಸವತಿಯರಿಗೆ ಎಚ್ಚರಿಕೆ ಕೊಟ್ಟಳೆಂದರೆ, ಆ ಏಳಂಗುಲದ ಪಟ್ಟ ಉಳಿಸಿಕೊಳ್ಳಲು ದಿನದಿನವೂ ಎಷ್ಟು ಸೆಣಸಿರಬೇಕು. ಅವಳ ಆ ಬಾಳು ನನ್ನ ಮನಸ್ಸನ್ನು ಕಲಕುತ್ತದೆ.

ಮುಂದಿನ ಕಾಲದ ಪಾಳೆಯಗಾರರದು ನೇರ ಲೆಕ್ಕ. ಚಿಕ್ಕನಾಯಕನಹಳ್ಳಿ ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರು ಹೊತ್ತ ಊರು. ಮೇಲಿನವರಿಗೆ ಕಪ್ಪ ಕಟ್ಟಿದರೆ ಇಂಥವರ ಪಟ್ಟ ಉಳಿಯಿತು, ಕಟ್ಟದಿದ್ದರೆ ದಂಡು ಬಂತು. ಮೈಸೂರಿನಲ್ಲಿ ಕಟ್ಟುವ ಕೈ ದಳವಾಯಿಗಳದಾಯಿತು. 1638ರಲ್ಲಿ ದಳವಾಯಿ ವಿಕ್ರಮರಾಯ ಇಮ್ಮಡಿ ರಾಜ ಒಡೆಯರಿಗೆ ವಿಷ ಹಾಕಿಸಿದ, ಆಮೇಲೆ ಬಂದ ಕಂಠೀರವ ನರಸರಾಜ ಒಡೆಯರು ಅವನನ್ನು ಮುಗಿಸಿದರು. 1734ರಲ್ಲಿ ಕಳಲೆಯ ದಳವಾಯಿಗಳು ತಾವೇ ಪಟ್ಟಕ್ಕೆ ತಂದಿದ್ದ ಚಾಮರಾಜ ಒಡೆಯರನ್ನು ಇಳಿಸಿ ಕಬ್ಬಾಳದುರ್ಗದ ಸೆರೆಗೆ ಕಳಿಸಿದರು, ಅವರು ಅಲ್ಲಿಯೇ ಸತ್ತರು. ಆ ಜಾಗಕ್ಕೆ ಒಬ್ಬ ಎಳೆಯ ಹುಡುಗ ಬಂದ. 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದಾಗಲೂ ವಯಸ್ಸು ಐದು ತುಂಬಿರಲಿಲ್ಲ, ಕಟ್ಟಿದ ಕೈ ಇಂಗ್ಲಿಷರದು. 1831ರಲ್ಲಿ ಅದೇ ಕೈ ಆಡಳಿತವನ್ನು ಕಿತ್ತುಕೊಂಡಿತು. ಎಳೆಯ ಹಣೆಯನ್ನೇ ಹುಡುಕುವುದು ಪಟ್ಟ ಕಟ್ಟುವವರ ಹಳೆಯ ಅಭ್ಯಾಸ. ಎದುರು ಮಾತಾಡುವ ವಯಸ್ಸು ಬರುವ ತನಕ ರಾಜ್ಯ ಕಟ್ಟಿದವರದೇ.

ಕೊರಿಯದಲ್ಲೂ ಹೀಗೇ ಆಯಿತು. 1452ರಲ್ಲಿ ಹುಡುಗ ದೊರೆಯಾಗಿ ಬಂದ ಡಾನ್‌ಜೋಂಗ್‌ನನ್ನು ಚಿಕ್ಕಪ್ಪನೇ 1455ರಲ್ಲಿ ಇಳಿಸಿದ, ಎರಡು ವರ್ಷಕ್ಕೆ ಹುಡುಗ ಸತ್ತ. ಅವನ ಹೆಸರನ್ನೂ ಕಸಿದುಕೊಂಡು ‘ನೋಸಾನ್‌ಗುನ್’ ಎಂದು ಕರೆದರು. ‘ಗುನ್’ ಎಂದರೆ ಬರೀ ರಾಜಕುಮಾರ. ರಾಣಿಯರನ್ನು ಇಳಿಸಿ ಏರಿಸಿದ ಅದೇ ಸುಕ್‌ಜೋಂಗ್ 1698ರಲ್ಲಿ ಆ ಹುಡುಗನಿಗೆ ದೊರೆಯ ಹೆಸರನ್ನು ಮರಳಿ ಕೊಟ್ಟ. ಸತ್ತು 241 ವರ್ಷವಾದ ಮೇಲೆ ಕಟ್ಟಿದ ಪಟ್ಟ ಅದು. 1506ರಲ್ಲಿ ಇಳಿದ ಯೊನ್‌ಸಾನ್‌ಗುನ್‌ಗೂ 1623ರಲ್ಲಿ ಇಳಿದ ಗ್ವಾಂಗ್‌ಹೇಗುನ್‌ಗೂ ಆ ಭಾಗ್ಯ ಬರಲಿಲ್ಲ. ಜೊಸೊನ್‌ನ 27 ದೊರೆಗಳಲ್ಲಿ ಈ ಇಬ್ಬರು ಇವತ್ತಿಗೂ ಪುಸ್ತಕದಲ್ಲಿ, ಪರದೆಯ ಮೇಲೆ ‘ಗುನ್’ಗಳೇ. ಗೆದ್ದವರು ಕಟ್ಟಿದ್ದು ನಾಲ್ಕುನೂರು ವರ್ಷ ದಾಟಿದರೂ ಬಿಚ್ಚಿಲ್ಲ.

ನಮ್ಮಲ್ಲಿ ಅರಸರು ಹೋದರೂ ಪದ ಉಳಿಯಿತು. ಮೈಸೂರು ಅರಮನೆಯ ದಸರೆಗೆ ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸು ಬೇಕು. ಮಠಕ್ಕೆ ಪಟ್ಟಾಧಿಕಾರ ಮಹೋತ್ಸವ ಬೇಕು. ಮೇಷ್ಟರ ಅಚ್ಚುಮೆಚ್ಚಿನ ಹುಡುಗ ಪಟ್ಟಶಿಷ್ಯ. ಊರಿನ ‘ಪಟೇಲ’ ಎಂಬ ಪದವೂ ‘ಪಟ್ಟಕಿಲ’ದಿಂದ ಬಂದದ್ದು, ಜಮೀನಿನ ಬರಹದ ಹಲಗೆ ತಗಡುಗಳ ಕಡೆಯ ನೆಂಟ. ಪಟೇಲಿಕೆ 1963ರಲ್ಲಿ ಕಾನೂನಿನಿಂದ ಹೋಯಿತು, ಮನೆಗಳಿಗೆ ‘ಪಟೇಲರ ಮನೆ’ ಎಂಬ ಹೆಸರು ಹೋಗಲಿಲ್ಲ. ಪಟ್ಟ ಕಟ್ಟಿಸಿಕೊಂಡು ಭದ್ರವಾದ ದೊರೆಯನ್ನು ಹೇಳುತ್ತಿದ್ದ ‘ಪಟ್ಟಭದ್ರ’ ಈಗ ಹಿತಾಸಕ್ತಿಗಳ ಜೊತೆ ಸೇರಿ ಬೈಗುಳವಾಗಿದೆ. ನನಗೆ ಈ ಅರ್ಥಾಂತರ ನ್ಯಾಯವಾಗಿಯೇ ಕಾಣುತ್ತದೆ. ಪಟ್ಟದ ನೆರಳಲ್ಲಿ ಬೆಳೆದವರನ್ನು ಶತಮಾನಗಳ ಕಾಲ ಕಂಡವರು ಕೊಟ್ಟ ಅರ್ಥ ಅದು.

ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ‘ಹಣೆಪಟ್ಟಿ’. ಬರದ ತಾಲ್ಲೂಕೆಂಬ ಹಣೆಪಟ್ಟಿ, ಹಿಂದುಳಿದವರೆಂಬ ಹಣೆಪಟ್ಟಿ, ಗಂಡಬಿಟ್ಟವಳೆಂಬ ಹಣೆಪಟ್ಟಿ. ಚಿನ್ನ ಹೋಯಿತು, ಶಿಖೆ ಹೋಯಿತು, ಹಣೆ ಹಾಗೇ ಇದೆ. ಕೆರೆಗೆ ಹೇಮಾವತಿ ನೀರು ಬರುವ ದಾರಿ ಕಾಯುವ ಚಿಕ್ಕನಾಯಕನಹಳ್ಳಿ ಕಡೆಯ ಹಳ್ಳಿಗಳ ಬಗ್ಗೆ ಬರೆಯುವವರು ‘ಹಣೆಪಟ್ಟಿ ಹೊತ್ತಿವೆ’ ಎಂದು ಬರೆದು ಮುಗಿಸುವುದುಂಟು, ಯಾರು ಕಟ್ಟಿದರೆಂಬುದು ಅಲ್ಲಿ ಬರುವುದಿಲ್ಲ. ‘ಪಟ್ಟ ಕಟ್ಟಲಾಯಿತು’ ಎಂಬ ಬರಹದ ಕನ್ನಡಕ್ಕೂ ಅದೇ ಚಾಳಿ, ಕಟ್ಟಿದ ಕೈ ಮರೆಯಾಗಿಬಿಡುತ್ತದೆ. ಆಡುಮಾತಿನಲ್ಲಿ ಆ ಸವಲತ್ತು ಇಲ್ಲ. ಅಲ್ಲಿ ‘ಕಟ್ಟುದ್ರು’ ಎಂದೇ ಅನ್ನಬೇಕು, ಹಾಗೆಂದ ಕೂಡಲೇ ಕೇಳಿದವರು ‘ಯಾರು?’ ಎನ್ನುತ್ತಾರೆ, ಹೆಸರು ಹೇಳಬೇಕಾಗುತ್ತದೆ.