ಕಾಯಬೇಕಿಲ್ಲದ ಕೆಂಪು ವೈನ್

ಶಹಾಬಾದಿ ಫರ್ಸಿ ಹಾಸಿದ ಪಡಸಾಲೆ ಎಷ್ಟೇ ತಂಪಾಗಿರಲಿ, ಅದು ರೆಡ್ ವೈನ್ ಬಾಟಲಿಯನ್ನು ಹತ್ತು ವರ್ಷ ಮಲಗಿಸಿಡುವ ಜಾಗವಲ್ಲ. ವೈನ್ ನಿಧಾನವಾಗಿ ಮಾಗಲು ವರ್ಷವಿಡೀ 12ರಿಂದ 15 ಡಿಗ್ರಿ ಉಷ್ಣತೆ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ವಾಡಿ, ಚಿತ್ತಾಪುರ, ಸೇಡಂ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥ ಎರಡು ಬೇಸಿಗೆ ಕಳೆದರೆ ಸಾಕು, ಎಷ್ಟೇ ದುಬಾರಿ ವೈನಾದರೂ ಹಣ್ಣಿನ ಘಮ ಹೋಗಿ ಬೇಯಿಸಿದಂತಾಗುತ್ತದೆ. ಹಾಗಾಗಿ ಈ ಸೀಮೆಯಲ್ಲಿ ವೈನ್ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದು ಕೊಂಡ ವರ್ಷವೇ ಚೆನ್ನಾಗಿರುತ್ತದೆ?

ಕಳೆದ ಐವತ್ತು ವರ್ಷಗಳಲ್ಲಿ ವೈನ್ ಲೋಕ ತಲೆ ಕೆಡಿಸಿಕೊಂಡಿರುವುದೂ ಬಹುಮಟ್ಟಿಗೆ ಇದೇ ಪ್ರಶ್ನೆಗೆ.

ಕೆಂಪು ವೈನಿನ ಬಣ್ಣವೂ ಒಗರೂ ಬರುವುದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ. ಆ ಒಗರಿನ ಅಂಶವೇ ಟ್ಯಾನಿನ್. ಹಳೆಯ ಕಾಲದಲ್ಲಿ ಫ್ರಾನ್ಸಿನ ವೈನ್ ಸೀಮೆಯಾದ ಬೋರ್ಡೋದಲ್ಲಿ ಮಳೆಗೆ ಹೆದರಿ ಹಣ್ಣನ್ನು ಪೂರ್ತಿ ಮಾಗುವ ಮೊದಲೇ ಕೊಯ್ಯುತ್ತಿದ್ದರು. ಸಿಪ್ಪೆಯ ಜೊತೆ ವಾರಗಟ್ಟಲೆ ನೆನೆಸುತ್ತಿದ್ದರು. ಹಾಗೆ ಬಂದ ವೈನನ್ನು ಎಳೆಯದಾಗಿರುವಾಗ ಬಾಯಿಗಿಟ್ಟರೆ ನಾಲಗೆ ಒಣಗುತ್ತಿತ್ತು. ಟ್ಯಾನಿನ್ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಮೆತ್ತಗಾಗಲು ಹದಿನೈದು, ಇಪ್ಪತ್ತು ವರ್ಷ ಹಿಡಿಯುತ್ತಿತ್ತು. ನೆಲಮಾಳಿಗೆ ಇದ್ದ ಶ್ರೀಮಂತರು ಕಾಯುತ್ತಿದ್ದರು.

ಈ ಲೆಕ್ಕವನ್ನು ಬದಲಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಬೋರ್ಡೋ ವಿಶ್ವವಿದ್ಯಾಲಯದ ಎಮಿಲ್ ಪೇನೋ (1912–2004). ಹಣ್ಣು ಚೆನ್ನಾಗಿ ಮಾಗಿದ ಮೇಲೆ ಕೊಯ್ಯಿರಿ, ಕೊಳೆತದ್ದನ್ನು ಆರಿಸಿ ತೆಗೆಯಿರಿ, ಪಾತ್ರೆಗಳನ್ನು ಶುಚಿಯಾಗಿಡಿ, ಚೂಪಾದ ಮ್ಯಾಲಿಕ್ ಹುಳಿ ಸೌಮ್ಯವಾದ ಲ್ಯಾಕ್ಟಿಕ್ ಹುಳಿಯಾಗುವ ಎರಡನೆಯ ಹುದುಗನ್ನು ಅದೃಷ್ಟಕ್ಕೆ ಬಿಡಬೇಡಿ ಎಂಬುದು ಅವರ ಪಾಠ. 1982ರ ಬಿಸಿಲಿನ ವರ್ಷ ಬೋರ್ಡೋದಲ್ಲಿ ಹಣ್ಣು ಭರ್ಜರಿಯಾಗಿ ಮಾಗಿತು. ಇಷ್ಟು ಮೃದುವಾದ ವೈನ್ ಬಾಳುವುದಿಲ್ಲ ಎಂದು ಕೆಲವು ವಿಮರ್ಶಕರು ಅನುಮಾನಪಟ್ಟರು. ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅದನ್ನು ಎತ್ತಿ ಹಿಡಿದರು. ಆ ವೈನುಗಳು ಎಳವೆಯಲ್ಲೂ ರುಚಿಸಿದವು, ದಶಕಗಳ ಕಾಲ ಬಾಳಿದವು ಕೂಡ. ಬೇಗ ಕುಡಿಯಬಹುದಾದ ವೈನ್ ಕೆಳದರ್ಜೆಯದು ಎಂಬ ನಂಬಿಕೆಗೆ ಬಿದ್ದ ದೊಡ್ಡ ಏಟು ಅದು.

ಉಳಿದ ಕಡೆಯೂ ಇದೇ ಗಾಳಿ ಬೀಸಿತು. ಇಟಲಿಯ ಬರೋಲೋ ಸೀಮೆಯಲ್ಲಿ ವೈನ್ ತಯಾರಕ ಎಲಿಯೋ ಅಲ್ತಾರೆ 1983ರಲ್ಲಿ ಅಪ್ಪನ ಕಾಲದ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದು ಹಾಕಿ, ವೈನ್ ಬೇಗ ಮೆತ್ತಗಾಗಲೆಂದು ಸಣ್ಣ ಓಕ್ ಪೀಪಾಯಿ ತಂದರು. ಮೊಂತಾಲ್ಚಿನೋದಲ್ಲಿ ಸಾಂಜಿಯೋವೆಸೆ ದ್ರಾಕ್ಷಿಯ ಬ್ರುನೆಲ್ಲೋ ಮಾರುಕಟ್ಟೆಗೆ ಬರಲು ಕೊಯ್ಲಿನಿಂದ ಐದನೆಯ ವರ್ಷದ ಜನವರಿ ಆಗಬೇಕು. ಅದೇ ದ್ರಾಕ್ಷಿಯ ರೊಸ್ಸೋ ಮರುವರ್ಷವೇ ಸಿಗುತ್ತದೆ. ಸ್ಪೇನಿನ ರಿಯೋಹಾದವರು ಮಾಗಿಸುವ ಹೊಣೆಯನ್ನು ತಾವೇ ಹೊತ್ತಿದ್ದಾರೆ. ಅಲ್ಲಿನ ‘ಕ್ರಿಯಾಂಜಾ’ ಕನಿಷ್ಠ ಎರಡು ವರ್ಷ, ‘ರೆಸೆರ್ವಾ’ ಮೂರು ವರ್ಷ, ‘ಗ್ರಾನ್ ರೆಸೆರ್ವಾ’ ಐದು ವರ್ಷ ಮಾಗಿದ ನಂತರವೇ ಹೊರಬರುತ್ತವೆ. ಕೊಳ್ಳುವವನ ಮನೆಯಲ್ಲಿ ನೆಲಮಾಳಿಗೆ ಇರಬೇಕಾದ ಅಗತ್ಯವೇ ಇಲ್ಲ.

ಪೇನೋ ಪಾಠ ಕರ್ನಾಟಕಕ್ಕೆ ಬಂದ ದಾರಿಯನ್ನು ಸ್ಪಷ್ಟವಾಗಿ ಗುರುತಿಸಬಹುದು. ಅದಕ್ಕೂ ಮೊದಲು ಇಲ್ಲಿ ಕೆಂಪು ವೈನ್ ಎಂದರೆ ಬಹುತೇಕ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ‘ಪೋರ್ಟ್’. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ತಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಜ್ಯೂಸಿಗೆ, ಜಾಮಿಗೆ ಅದು ಸೊಗಸು, ಒಣ ರೆಡ್ ವೈನಿಗೆ ಹೊಂದದು. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ತಳಿಗಳನ್ನು ನೆಟ್ಟರು. ಮೊದಲು ಷಾಂಪೇನಿನ ಜಾರ್ಜ್ ವೆಸೆಲ್ ನೆರವಾದರು. 1992ರಲ್ಲಿ ಮೊದಲ ವೈನ್ ಬಂತು. ಆ ದಶಕದ ನಡುವೆ ಸಲಹೆಗಾರರಾಗಿ ಬಂದವರು ಮಿಶೆಲ್ ರೋಲಾಂ. ಪೊಮೆರೋಲ್‌ನ ವೈನ್ ಕುಟುಂಬದವರು, ಪೇನೋ ಕಲಿಸುತ್ತಿದ್ದ ಬೋರ್ಡೋದಲ್ಲಿ ಓದಿದವರು, ಮಾಗಿದ ಹಣ್ಣು ಮತ್ತು ಮೃದುವಾದ ಟ್ಯಾನಿನ್ನಿನ ವೈನಿಗೆ ಜಗತ್ತಿನಾದ್ಯಂತ ಹೆಸರಾದವರು. ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಬೆರೆಸಿ ಓಕ್‌ನಲ್ಲಿ ಮಾಗಿಸಿದ ಗ್ರೋವರ್ ‘ಲಾ ರಿಸರ್ವ್’ ಆ ಬಗೆಯ ವೈನ್. ಕರ್ನಾಟಕದ ರೆಡ್ ವೈನನ್ನು ಗಂಭೀರವಾಗಿ ಪರಿಗಣಿಸುವಂತೆ ಮಾಡಿದ ಮೊದಲ ಬಾಟಲಿ ಅದೇ ಎನ್ನಬೇಕು.

2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನಿಗೆಂದೇ ಮಂಡಳಿಯೂ ಆಯಿತು. ಅಲ್ಲಿಂದಾಚೆ ಕಲ್ಯಾಣ ಕರ್ನಾಟಕಕ್ಕೂ ಅದರ ನೆರೆಗೂ ತೋಟಗಳು ಬಂದವು. ಹಂಪಿ ಸೀಮೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ‘ಕೃಸ್ಮ’ ಕಟ್ಟಿದರು. ಅವರ ಕ್ಯಾಬರ್ನೆ, ಸಾಂಜಿಯೋವೆಸೆ ಎರಡಕ್ಕೂ ಒಳ್ಳೆಯ ಹೆಸರಿದೆ. ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಮೂರು ಮನೆತನಗಳ ಅಣ್ಣತಮ್ಮಂದಿರು ಸೇರಿ 2007ರಲ್ಲಿ ‘ಫ್ರಾತೆಲ್ಲಿ’ ಆರಂಭಿಸಿದರು. ವೈನ್ ಹದ ನೋಡಲು ಟಸ್ಕನಿಯಿಂದ ಪಿಯೆರೋ ಮಾಸಿ ಬಂದರು. ವಿಜಯಪುರದ್ದು ದ್ರಾಕ್ಷಿಯ ನಾಡೇ ಆದರೂ ಅಲ್ಲಿನ ಬೆಳೆ ಹೆಚ್ಚಾಗಿ ಒಣದ್ರಾಕ್ಷಿಗೆ ಹೋಗುತ್ತದೆ. ಇನ್ನು ಸೇಡಂ, ವಾಡಿಯ ನೆಲದಡಿ ಇರುವುದು ಸುಣ್ಣಕಲ್ಲು. ಬರ್ಗಂಡಿ, ಸೇಂತೆಮಿಲಿಯೋಗಳ ಹೆಸರಾಂತ ತೋಟಗಳ ಕೆಳಗೂ ಸುಣ್ಣಕಲ್ಲೇ ಇದೆ. ಇಲ್ಲಿ ಅದು ಸಿಮೆಂಟಿಗೆ, ಫರ್ಸಿಗೆ ಹೋಗುತ್ತದೆ. ಮೇಲಿನ ಕರಿಮಣ್ಣು ತೊಗರಿಯದು.

ದಖ್ಖನ್ನಿನ ರೆಡ್ ವೈನ್ ಬೇಗ ಕುಡಿಯಲು ಹದವಾಗಿರುವುದಕ್ಕೆ ಹವೆಯೇ ಕಾರಣ. ಬಳ್ಳಿಗೆ ಇಲ್ಲಿ ಹಿಮದ ನಿದ್ದೆಯಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ, ಅಕ್ಟೋಬರ್ ಹೊತ್ತಿನದು ಗೊನೆಗಾಗಿ. ಕೊಯ್ಲು ಫೆಬ್ರವರಿ, ಮಾರ್ಚ್‌ನಲ್ಲಿ. ಯುರೋಪಿನಲ್ಲಿ ಹಣ್ಣು ಮಾಗುವ ಹೊತ್ತಿಗೆ ಹವೆ ತಂಪಾಗುತ್ತಾ ಹೋದರೆ, ಇಲ್ಲಿ ಬಿಸಿಲು ಏರುತ್ತಿರುತ್ತದೆ. ಸಕ್ಕರೆ ಬೇಗ ತುಂಬುತ್ತದೆ, ಹುಳಿ ಬೇಗ ಇಳಿಯುತ್ತದೆ. ಹುಳಿ ಕಡಿಮೆಯಿರುವ ವೈನ್ ಎಳವೆಯಲ್ಲೇ ಮೆತ್ತಗಿರುತ್ತದೆ, ದೀರ್ಘಕಾಲ ಬಾಳುವುದಿಲ್ಲ. ಒಂದು ಅಪಾಯವೂ ಇದೆ. ಸಕ್ಕರೆ ಅವಸರದಲ್ಲಿ ಏರಿ ಬೀಜ ಹಸಿರಾಗಿಯೇ ಉಳಿದರೆ ವೈನಿಗೆ ಹಸಿ ಒಗರು ಬರುತ್ತದೆ. ಎಷ್ಟು ವರ್ಷ ಇಟ್ಟರೂ ಅದು ಹೋಗುವಂಥದ್ದಲ್ಲ. ‘ಇನ್ನೂ ಮಾಗಬೇಕು, ಇಡಿ’ ಎಂದು ಯಾರಾದರೂ ಹೇಳಿದರೆ ಈ ಮಾತು ನೆನಪಿರಲಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಲೇಬಲ್ಲಿನ ಮೇಲಿನ ಕೊಯ್ಲಿನ ವರ್ಷ. ಓಕ್ ಕಾಣದ ಸಾಧಾರಣ ಶಿರಾಜ್ ಆದರೆ ಎರಡು ವರ್ಷದೊಳಗಿನದು, ಓಕ್‌ನಲ್ಲಿ ಮಾಗಿದ್ದಾದರೆ ಮೂರರಿಂದ ಐದು ವರ್ಷದ್ದು ಒಳ್ಳೆಯದು. ‘ರಿಸರ್ವ್’ ಎಂಬ ಪದವನ್ನು ಮಾತ್ರ ನೆಚ್ಚಿಕೊಳ್ಳಬಾರದು. ಸ್ಪೇನಿನಲ್ಲಿ ಅದಕ್ಕೆ ಕಾನೂನಿನ ಅಳತೆಯಿದೆ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ ದೀಪದ ಪಕ್ಕ ನಿಂತಿದ್ದ ಬಾಟಲಿ ಬೇಡ. ಕಾರ್ಕು ಕತ್ತಿನಿಂದ ಮೇಲೆದ್ದಿದ್ದರೆ, ಅಂಟು ಸೋರಿದ ಗುರುತಿದ್ದರೆ ಆ ವೈನ್ ಬಿಸಿಲುಂಡಿದೆ ಎಂದೇ ಅರ್ಥ. ತಿರುಪು ಮುಚ್ಚಳದ ಬಾಟಲಿಯನ್ನು ಕೀಳಾಗಿ ಕಾಣಬೇಕಿಲ್ಲ; ಬೇಗ ಕುಡಿಯುವ ವೈನಿಗೆ ಅದೇ ಭದ್ರ. ಸಾವಿರಾರು ರೂಪಾಯಿ ತೆತ್ತು ಎಳೆಯ, ಬಿಗಿಯಾದ ಬೋರ್ಡೋ ತಂದು ಚಿಂಚೋಳಿಯ ಮನೆಯ ಕಪಾಟಿನಲ್ಲಿಡುವುದು ಹಣಕ್ಕೂ ವೈನಿಗೂ ನಷ್ಟ. ವಿದೇಶದ್ದೇ ಬೇಕೆಂದರೆ ರಿಯೋಹಾ ಕ್ರಿಯಾಂಜಾ ಅಥವಾ ರೊಸ್ಸೋ ವಾಸಿ.

ಊಟದ ಲೆಕ್ಕವೂ ಇದಕ್ಕೇ ಕೂಡಿಬರುತ್ತದೆ. ಖಾರದ ಜೊತೆ ಒಗರೂ ಮದ್ಯಾಂಶವೂ ಜಾಸ್ತಿಯಾದರೆ ಬಾಯಿ ಇನ್ನಷ್ಟು ಉರಿಯುತ್ತದೆ. ಜೋಳದ ರೊಟ್ಟಿ, ಶೇಂಗಾ ಮಸಾಲೆಯ ಎಣ್ಣೆಗಾಯಿಗೆ ಹಣ್ಣಿನ ರುಚಿ ಮುಂದಿರುವ ಸಾಂಜಿಯೋವೆಸೆ ಒಗ್ಗುತ್ತದೆ. ಮಟನ್ ಇದ್ದ ದಿನ ಓಕ್ ಕಂಡ ಕ್ಯಾಬರ್ನೆ–ಶಿರಾಜ್. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯುರೋಪಿನ ತಣ್ಣನೆಯ ಕೋಣೆಗೆ ಸಂಬಂಧಿಸಿದ್ದು. ಇಲ್ಲಿ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು, 16ರಿಂದ 18 ಡಿಗ್ರಿಗೆ ಇಳಿಸಿ ತೆರೆಯಬೇಕು. ಉಳಿದದ್ದಕ್ಕೆ ಮುಚ್ಚಳ ಬಿಗಿದು ಮತ್ತೆ ಫ್ರಿಜ್‌ಗೆ ಇಟ್ಟರೆ ಎರಡು ಮೂರು ದಿನ ರುಚಿ ಕೆಡುವುದಿಲ್ಲ.